ನಿಮಗಿದು ಗೊತ್ತೇ? ಪಿಕಪ್ ಗಾಡಿಯ ಸೂರು ಸೋರಿದಾಗ

ಸನ್‌ರೂಫ್ ಗಾಜಿನ ಸುತ್ತ ಇರುವ ರಬ್ಬರ್ ಬೀಡಿಂಗ್ ನೀರನ್ನು ಪೂರ್ತಿ ತಡೆಯಲೆಂದು ಮಾಡಿದ್ದೇ ಅಲ್ಲ. ಗಾಜಿನ ಅಂಚಿನಿಂದ ಒಂದಿಷ್ಟು ನೀರು ಇಳಿದೇ ಇಳಿಯುತ್ತದೆ ಎಂದು ಲೆಕ್ಕ ಹಾಕಿ, ಅದರ ಕೆಳಗೆ ಸುತ್ತಲೂ ಒಂದು ಕಾಲುವೆ ಇಟ್ಟಿರುತ್ತಾರೆ. ಆ ಕಾಲುವೆಯ ಮೂಲೆಗಳಿಂದ ಬೆರಳಿಗಿಂತ ಸಣ್ಣ ಕೊಳವೆಗಳು ಹೊರಡುತ್ತವೆ, ಸಾಮಾನ್ಯವಾಗಿ ನಾಲ್ಕು. ಮುಂದಿನ ಎರಡು ವಿಂಡ್‌ಶೀಲ್ಡ್ ಪಕ್ಕದ ಕಂಬಗಳ ಒಳಗೆ, ಹಿಂದಿನ ಎರಡು ಕ್ಯಾಬಿನ್ನಿನ ಹಿಂಬದಿಯ ಮೂಲೆಗಳೊಳಗೆ ಇಳಿದು ನೀರನ್ನು ನೆಲಕ್ಕೆ ಬಿಡುತ್ತವೆ. ನೀರು ಗಾಜನ್ನು ದಾಟಿ ಬರುವುದು ಸಹಜ. ಬಂದ ನೀರಿಗೆ ದಾರಿ ಸಿಗದೆ ಸೀಟಿನ ಮೇಲೆ ಬಿದ್ದರೆ ಅದು ರೋಗ.

ತೊಟ್ಟಿ ಮನೆಯಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಡುವಿನ ಅಂಗಳಕ್ಕೆ ಸೂರಿಲ್ಲ, ಮಳೆ ನೇರವಾಗಿ ಮನೆಯೊಳಗೇ ಬೀಳುತ್ತದೆ. ಆದರೂ ಜಗಲಿ ಒದ್ದೆಯಾಗುವುದಿಲ್ಲ, ಏಕೆಂದರೆ ತೊಟ್ಟಿಯ ಮೂಲೆಯಲ್ಲೊಂದು ತೂಬಿದೆ. ಆ ತೂಬಿಗೆ ಎಲೆ ಕಟ್ಟಿಕೊಂಡ ದಿನ ನೀರು ನಡುಮನೆಗೆ ಬರುತ್ತದೆ. ಆಗ ಯಾರೂ ಹಂಚು ಹೊದೆಸಲು ಮಾಡು ಹತ್ತುವುದಿಲ್ಲ, ಕಡ್ಡಿ ಹಿಡಿದು ತೂಬಿನ ಬಾಯಿಗೆ ಕೈ ಹಾಕುತ್ತಾರೆ. ಸನ್‌ರೂಫ್ ಸೋರಿದಾಗ ಮಾತ್ರ ನಾವು ಮೊದಲು ಗಾಜನ್ನೇ ದೂರುತ್ತೇವೆ.

ಹ್ಯೂಸ್ಟನ್ನಿನ ಅಕ್ಕನ ಮನೆಗೆ ಒಂದು ಮಾರ್ಚ್ ತಿಂಗಳಲ್ಲಿ ಹೋಗಿದ್ದೆ. ಭಾವನದು ನಾಲ್ಕು ಬಾಗಿಲಿನ ಪಿಕಪ್, ಮೇಲೆ ಸನ್‌ರೂಫ್. "ಮುಂದಿನ ಸೀಟಿನ ಕೆಳಗೆ ಕಾಲಿಟ್ರೆ ಪಚಪಚ ಅನ್ನುತ್ತೆ ಕಣೋ, ಬಾಗಿಲು ತೆಗೆದರೆ ಒದ್ದೆ ಗೋಣಿಚೀಲದ ವಾಸನೆ" ಎಂದಳು ಅಕ್ಕ. ತೋರಿಸಿದ ವರ್ಕ್‌ಶಾಪಿನವರು ಸನ್‌ರೂಫಿನ ಇಡೀ ಚೌಕಟ್ಟು ಬದಲಿಸಬೇಕೆಂದು ಸಾವಿರಾರು ಡಾಲರ್ ಲೆಕ್ಕ ಬರೆದು ಕೊಟ್ಟಿದ್ದರು. ಭಾವನಿಗೆ ಮನಸ್ಸು ಒಪ್ಪಿರಲಿಲ್ಲ. ಮುಂದಿನ ಶನಿವಾರ ನಾವಿಬ್ಬರೂ ಒಂದು ಲೋಟ, ಒಂದು ಟಾರ್ಚು, ಎರಡು ಮಾರು ನೈಲಾನ್ ದಾರ ಹಿಡಿದು ಗಾಡಿಯ ಮುಂದೆ ನಿಂತೆವು. ಆ ದಿನ ಕಲಿತದ್ದು, ಅದಕ್ಕೂ ಮುಂಚೆ ಓದಿ ತಿಳಿದದ್ದು ಎಲ್ಲ ಸೇರಿ ಈ ಬಾರಿಯ ಅಂಕಣ.

ಕಾರ್ಖಾನೆಯಲ್ಲೇ ಪೂರ್ತಿಯಾಗಿ ಜೋಡಿಸಿ ಹೊರಬಿಟ್ಟ ಮೊದಲ ಪಿಕಪ್ ಫೋರ್ಡ್ ಕಂಪನಿಯ ಮಾಡೆಲ್ ಟಿ ಎನ್ನುತ್ತಾರೆ. ವರ್ಷ 1925, ಬೆಲೆ 281 ಡಾಲರ್. ಮೇಲಿನ ಸೂರು ಬೇಕಾದಾಗ ಮಡಚಿಡುವ ಬಟ್ಟೆಯದು.

"ಮೂನ್‌ರೂಫ್" ಎಂಬ ಹೆಸರು ಹೊರಟದ್ದೂ ಅದೇ ಕಂಪನಿಯಿಂದ. 1973ರ ಲಿಂಕನ್ ಕಾಂಟಿನೆಂಟಲ್ ಮಾರ್ಕ್ 4 ಕಾರಿಗೆ ಗಾಜಿನ ಸೂರು ಇಟ್ಟಾಗ, ಬಿಸಿಲಷ್ಟೇ ಅಲ್ಲ ಬೆಳದಿಂಗಳೂ ಕಾಣಲಿ ಎಂಬಂತೆ ಆ ಹೆಸರಿಟ್ಟರು. ಇಂದು ಸನ್‌ರೂಫ್, ಮೂನ್‌ರೂಫ್ ಎರಡೂ ಬಳಕೆಯಲ್ಲಿ ಒಂದೇ ಆಗಿವೆ. ಸೋರುವ ರೀತಿಯಲ್ಲಂತೂ ಯಾವ ಭೇದವೂ ಇಲ್ಲ.

ಜಗತ್ತಿನಲ್ಲಿ ಅತಿ ಹೆಚ್ಚು ಸನ್‌ರೂಫ್ ತಯಾರಿಸುವ ಕಂಪನಿಗಳಲ್ಲಿ ಒಂದಾದ ಜರ್ಮನಿಯ ವೆಬಾಸ್ಟೊ ತನ್ನ ಹೆಸರನ್ನು ಕಟ್ಟಿಕೊಂಡದ್ದು ಹೀಗೆ: ಸ್ಥಾಪಕ ವಿಲ್‌ಹೆಲ್ಮ್ ಬೈಯರ್ ಅವರ ಹೆಸರಿನ ಕೆಲವು ಅಕ್ಷರಗಳು, ಜೊತೆಗೆ ಅವರ ಕಾರ್ಖಾನೆಯಿದ್ದ ಸ್ಟಾಕ್‌ಡಾರ್ಫ್ ಎಂಬ ಊರಿನ ಮೊದಲ ಅಕ್ಷರಗಳು. ಈ ಕಂಪನಿಯ ಕಾರ್ಖಾನೆ ನಮ್ಮ ಪುಣೆಯ ಬಳಿಯೂ ಇದೆ.

ಇನ್ನು ನೀರಿನ ಲೆಕ್ಕ. ಒಂದು ಚದರ ಮೀಟರ್ ಜಾಗದ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ ಅದು ಸರಿಯಾಗಿ 1 ಲೀಟರ್. ಅರ್ಧ ಚದರ ಮೀಟರ್ ಗಾಜಿನ ಮೇಲೆ ಗಂಟೆಗೆ 50 ಮಿಲಿಮೀಟರ್ ಮಳೆ ಸುರಿದರೆ 25 ಲೀಟರ್. ಬಹುಪಾಲು ಗಾಜಿನ ಮೇಲಿಂದಲೇ ಜಾರಿ ಹೋಗುತ್ತದೆ. ಹತ್ತರಲ್ಲಿ ಒಂದು ಪಾಲು ಅಂಚಿನಿಂದ ಇಳಿಯಿತು ಅಂದುಕೊಂಡರೂ ಒಂದು ಗಂಟೆಗೆ ಎರಡೂವರೆ ಲೀಟರ್ ನೀರು ಆ ಸಣ್ಣ ಕೊಳವೆಗಳಲ್ಲಿ ಹಾದುಹೋಗಬೇಕು. ಒಂದು ಕೊಳವೆ ಕಟ್ಟಿದರೆ ಆ ಮೂಲೆಯ ಪಾಲಿನ ನೀರು ಕಾಲುವೆಯ ಅಂಚು ಹತ್ತಿ ಒಳಗೆ ಬೀಳುತ್ತದೆ.

ಹ್ಯೂಸ್ಟನ್ ಸುತ್ತಮುತ್ತಲಿನ ಮಳೆ ಎಂಥದೆಂದು ಹೇಳಲು ಒಂದೇ ಅಂಕಿ ಸಾಕು. 2017ರ ಆಗಸ್ಟ್‌ನಲ್ಲಿ ಹಾರ್ವಿ ಚಂಡಮಾರುತ ಬಂದಾಗ ಟೆಕ್ಸಸ್‌ನ ನೆದರ್‌ಲ್ಯಾಂಡ್ ಎಂಬ ಊರಿನಲ್ಲಿ ಕೆಲವೇ ದಿನಗಳಲ್ಲಿ 1,539 ಮಿಲಿಮೀಟರ್ ಮಳೆ ದಾಖಲಾಯಿತು. ಬೆಂಗಳೂರಿಗೆ ಒಂದೂವರೆ ವರ್ಷದಲ್ಲಿ ಬೀಳುವಷ್ಟು ಮಳೆ ಅದು.

ನೀರು ತೊಟ್ಟಿಕ್ಕುವ ಜಾಗ ಬೇರೆ, ಸೋರುವ ಜಾಗ ಬೇರೆ. ಮಳೆಗಾಲದಲ್ಲಿ ಹಂಚಿನ ಮನೆಯವರು ಇದನ್ನು ಬಲ್ಲರು: ಹಂಚು ಒಡೆದದ್ದು ಒಂದು ಕಡೆ, ನೀರು ತೊಲೆ ಹಿಡಿದು ಹರಿದು ಬಕೆಟ್ ಇಡಬೇಕಾದ್ದು ಇನ್ನೊಂದು ಕಡೆ. ಗಾಡಿಯಲ್ಲೂ ನೀರು ತಗಡಿಗೆ ಅಂಟಿಕೊಂಡೇ ಹರಿಯುತ್ತದೆ. ರೂಫ್ ಲೈನಿಂಗ್ ಮೇಲೆ ಸದ್ದಿಲ್ಲದೆ ಸಾಗಿ ಲೈಟಿನ ತೂತು, ಸನ್‌ವೈಸರ್ ಸ್ಕ್ರೂ, ಕನ್ನಡಿಯ ಬುಡ, ಎಲ್ಲಿ ಬಿಡುವು ಸಿಗುತ್ತದೋ ಅಲ್ಲಿ ಕೆಳಗಿಳಿಯುತ್ತದೆ. ಕೊಳವೆ ಕಂಬದ ಮಧ್ಯೆ ಕಿತ್ತು ಹೋಗಿದ್ದರೆ ಮೇಲೆ ಒಂದು ಹನಿಯ ಗುರುತೂ ಇರುವುದಿಲ್ಲ, ನೇರವಾಗಿ ಕಾರ್ಪೆಟ್ಟಿನ ಅಡಿ ನೆನೆಯುತ್ತದೆ. ಭಾವನ ಗಾಡಿಯಲ್ಲಿ ಕಂಡ ಲಕ್ಷಣವೂ ಅದೇ: ಸೂರಿನ ಲೈನಿಂಗ್ ಒಣಗಿಯೇ ಇತ್ತು, ಕಾಲಡಿ ಕೆರೆ.

ಖಾಲಿ ಪಿಕಪ್ ಮುಂದಕ್ಕೆ ತುಸು ಬಾಗಿ ನಿಂತಿರುತ್ತದೆ, ಗಮನಿಸಿದ್ದೀರಾ? ಹಿಂದಿನ ಪಟ್ಟಿ ಸ್ಪ್ರಿಂಗುಗಳು ಹೊರೆ ಹೊರಲು ಮಾಡಿದವು. ಹೊರೆ ಇಲ್ಲದಾಗ ಹಿಂಬದಿ ಎದ್ದಿರುತ್ತದೆ. ಹೀಗಾಗಿ ಮನೆ ಮುಂದೆ ಸುಮ್ಮನೆ ನಿಂತ ಪಿಕಪ್ಪಿನ ಕಾಲುವೆಯ ನೀರು ಹೆಚ್ಚಾಗಿ ಮುಂದಿನ ಎರಡು ಕೊಳವೆಗಳ ಕಡೆಗೇ ಓಡುತ್ತದೆ. ಹಿಂದೆ ಸಾಮಾನು ಹೇರಿದಾಗ ನೀರು ಹಿಂದಕ್ಕೆ ತಿರುಗುತ್ತದೆ. ಸಾಮಾನು ಸಾಗಿಸಿದ ದಿನ ಮಾತ್ರ ಹಿಂದಿನ ಸೀಟು ಒದ್ದೆಯಾಯಿತು ಎಂದು ಯಾರಾದರೂ ಹೇಳಿದರೆ ಅದರಲ್ಲಿ ಮಾಯಮಂತ್ರವಿಲ್ಲ, ಹಿಂದಿನ ಕೊಳವೆ ನೋಡಿ.

ಅದೇ ಕಾರಣಕ್ಕೆ, ಬ್ರೇಕ್ ಹಾಕಿದಾಗ ತಲೆಯ ಮೇಲೆ ನೀರು ಸುರಿದರೆ ಕಾಲುವೆಯಲ್ಲಿ ನೀರು ನಿಂತಿದೆ ಎಂದರ್ಥ. ತಿರುವಿನಲ್ಲಿ ಒಂದೇ ಪಕ್ಕ ಸುರಿದರೆ ಆ ಪಕ್ಕದ ಮೂಲೆ. ಮಳೆ ನಿಂತು ಗಂಟೆಗಳಾದ ಮೇಲೂ ಹೀಗಾದರೆ ಸಂಶಯವೇ ಬೇಡ.

ಪರೀಕ್ಷೆಗೆ ಬೇಕಾದ್ದು ಒಂದು ಲೋಟ ನೀರು. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ಇಡೀ ಕೆಲಸದ ಜೀವ ಇಲ್ಲಿದೆ. ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಸನ್‌ರೂಫ್ ಪೂರ್ತಿ ತೆರೆಯಿರಿ. ಬಾಗಿಲಿನ ಹೊಸ್ತಿಲ ಮೇಲೆ ಹತ್ತಿ ನಿಂತು ಟಾರ್ಚ್ ಹಾಯಿಸಿದರೆ ಕಾಲುವೆಯ ಮುಂದಿನ ಎರಡು ಮೂಲೆಗಳಲ್ಲಿ ಕಡಲೆಕಾಳು ಹಿಡಿಸುವಷ್ಟು ತೂತು ಕಾಣುತ್ತದೆ. ಸಣ್ಣ ಧಾರೆಯಾಗಿ ಅಲ್ಲಿಗೆ ನೀರು ಬಿಡಿ, ಇನ್ನೊಬ್ಬರು ಕೆಳಗೆ ನೋಡುತ್ತಿರಲಿ. ಚೆನ್ನಾಗಿರುವ ಕೊಳವೆಯಾದರೆ ಕೆಲವೇ ಸೆಕೆಂಡುಗಳಲ್ಲಿ ಮುಂದಿನ ಚಕ್ರದ ಹಿಂಬದಿಯಲ್ಲೋ ಬಾಗಿಲ ಹಿಂಜಿನ ಬಳಿಯೋ ನೀರು ಹನಿಯುತ್ತದೆ. ಹೊರಬಾಯಿ ಎಲ್ಲಿದೆ ಎಂಬುದು ಒಂದೊಂದು ಗಾಡಿಗೆ ಒಂದೊಂದು ರೀತಿ. ಭಾವ ಬಲಗಡೆ ಸುರಿದಾಗ ನಾನು ಐದು ಎಣಿಸುವುದರೊಳಗೆ ಸಿಮೆಂಟ್ ನೆಲದ ಮೇಲೆ ಒದ್ದೆ ಬೊಟ್ಟು ಬಿತ್ತು. ಎಡಗಡೆ ಸುರಿದರು. ಹತ್ತು ಎಣಿಸಿದೆ, ಇಪ್ಪತ್ತು ಎಣಿಸಿದೆ. ಮೇಲೆ ಕಾಲುವೆಯಲ್ಲಿ ನೀರು ಬಟ್ಟಲಲ್ಲಿ ನಿಂತ ಹಾಗೆ ನಿಂತುಬಿಟ್ಟಿತ್ತು, ಅದರ ಮೇಲೆ ಕಂದು ಬಣ್ಣದ ಒಂದು ಎಳೆ ತೇಲುತ್ತಿತ್ತು.

ಆ ಎಳೆ ಲೈವ್ ಓಕ್ ಮರದ ಹೂವು. ಅಮೆರಿಕದ ದಕ್ಷಿಣ ರಾಜ್ಯಗಳ ಮರ ಇದು. ಹ್ಯೂಸ್ಟನ್ನಿನ ಹಳೆಯ ಬೀದಿಗಳಿಗೆಲ್ಲ ಇದರದೇ ಚಪ್ಪರ. ಬೇರೆ ಮರಗಳು ಚಳಿಗೆ ಎಲೆ ಉದುರಿಸಿದರೆ ಇದು ವಸಂತದಲ್ಲಿ ಚಿಗುರೊಡೆಯುವ ಹೊತ್ತಿಗೆ ಹಳೆ ಎಲೆ ಉದುರಿಸುತ್ತದೆ. ಅದೇ ಸಮಯಕ್ಕೆ ಹಳದಿ ಪರಾಗದ ಪುಡಿ, ಆಮೇಲೆ ಉದುರುವ, ದಾರದಂಥ ಹೂಗೊಂಚಲು. ಪುಡಿ ನೀರಿಗೆ ಬಿದ್ದು ಕೆಸರಾಗುತ್ತದೆ, ಹೂವಿನ ಎಳೆ ಅದಕ್ಕೆ ನಾರು ಸೇರಿಸುತ್ತದೆ. ಮಣ್ಣಿನ ಗೋಡೆಗೆ ಹುಲ್ಲು ಕಲಸಿದ ಹಾಗೆ, ಎರಡೂ ಕೂಡಿ ಗಟ್ಟಿ ಬಿರಡೆ. ಬೆಂಗಳೂರಿನಲ್ಲಿ ಹೊಂಗೆ ಮರದ ಕೆಳಗೆ ಕಾರು ನಿಲ್ಲಿಸುವವರು ಹೂ ಉದುರುವ ಕಾಲದಲ್ಲಿ ಒಮ್ಮೆ ಸನ್‌ರೂಫ್ ತೆರೆದು ಮೂಲೆ ನೋಡಲಿ, ಅರಳು ಚೆಲ್ಲಿದ ಹಾಗೆ ತುಂಬಿಕೊಂಡಿರುತ್ತದೆ. ಸಿಯಾಟಲ್ ಕಡೆ ನೆಲೆಸಿದವರಿಗೆ ಫರ್ ಮರದ ಸೂಜಿಯೆಲೆಯ ಕಾಟ. ಮಿನ್ನೆಸೋಟದಂಥ ಚಳಿಯ ರಾಜ್ಯಗಳಲ್ಲಿ ಕಸವೇ ಬೇಕಿಲ್ಲ, ಕೊಳವೆಯೊಳಗೆ ನಿಂತ ನೀರು ಹೆಪ್ಪುಗಟ್ಟಿ ತಾನೇ ಬಿರಡೆಯಾಗುತ್ತದೆ.

ಕಟ್ಟಿದ ಕೊಳವೆಗೆ ತಂತಿ ತುರುಕಬಾರದು. ಬಟ್ಟೆ ನೇತುಹಾಕುವ ಹ್ಯಾಂಗರನ್ನು ನೆಟ್ಟಗೆ ಮಾಡಿ ಚುಚ್ಚುವುದು ಎಲ್ಲರಿಗೂ ಮೊದಲು ಹೊಳೆಯುವ ಉಪಾಯ. ಮೆತ್ತಗಿನ ಕೊಳವೆ ಬಾಗಿದ ಜಾಗದಲ್ಲಿ ತಂತಿ ನೇರ ಹೋಗಿ ತೂತು ಮಾಡುತ್ತದೆ. ಆಮೇಲೆ ಕಂಬದೊಳಗೇ ಸೋರಿಕೆ, ಕಾಣುವುದೂ ಇಲ್ಲ, ಕೈಗೆ ಎಟಕುವುದೂ ಇಲ್ಲ.

ಟೈರಿಗೆ ಗಾಳಿ ತುಂಬುವ ಕಂಪ್ರೆಸರ್ ಹಿಡಿದು ಜೋರಾಗಿ ಊದುವುದು ಅದಕ್ಕಿಂತ ಅಪಾಯ. ಕಸ ಹೊರಬರುವ ಬದಲು ಮೇಲೆ ಕಾಲುವೆಯ ಮೂತಿಗೆ ಸಿಕ್ಕಿಸಿದ ಕೊಳವೆಯೇ ಕಳಚಿಕೊಳ್ಳಬಹುದು. ಮೊದಲು ಹನಿಹನಿಯಾಗಿ ಬರುತ್ತಿದ್ದ ನೀರು ಅಲ್ಲಿಂದ ಮುಂದೆ ಧಾರೆಯಾಗಿ ಒಳಗೆ ಬೀಳುತ್ತದೆ, ಸರಿಪಡಿಸಲು ರೂಫ್ ಲೈನಿಂಗ್ ಇಳಿಸಬೇಕು. ಒಂದು ಸಣ್ಣ ಕೆಲಸ ದೊಡ್ಡದಾಗುವುದು ಹೆಚ್ಚಾಗಿ ಹೀಗೆಯೇ.

ಹಾಗಾದರೆ ಯಾವುದು ಸರಿ? ಅಡಿಕೆ ತೋಟದಲ್ಲಿ ಹುಲ್ಲು ಕೊಚ್ಚುವ ಯಂತ್ರಕ್ಕೆ ಹಾಕುವ ನೈಲಾನ್ ದಾರ. ಅಮೆರಿಕದಲ್ಲಿ ಮನೆ ಮುಂದಿನ ಹುಲ್ಲು ಸವರಲು ಪ್ರತಿ ಗ್ಯಾರೇಜಿನಲ್ಲೂ ಇರುವಂಥದ್ದೇ. ಎರಡು, ಎರಡೂಕಾಲು ಮಿಲಿಮೀಟರ್ ದಪ್ಪದ್ದು ಸಾಕು. ಬಾಗುವಷ್ಟು ಮೆದು, ತಳ್ಳುವಷ್ಟು ಬಿರುಸು. ತುದಿಯನ್ನು ಬೆಂಕಿಗೆ ತುಸು ಹಿಡಿದು ಗುಂಡಗೆ ಮಾಡಿಕೊಂಡರೆ ಕೊಳವೆ ಗೀರುವುದಿಲ್ಲ. ಮೇಲಿಂದ ಇಷ್ಟಿಷ್ಟೇ ಬಿಡುತ್ತ, ಬೆರಳುಗಳ ನಡುವೆ ತಿರುಪುತ್ತ ಹೋಗಬೇಕು. ತಡೆ ಸಿಕ್ಕಲ್ಲಿ ಗುದ್ದಬಾರದು, ಎಳೆದು ಮತ್ತೆ ಬಿಡಬೇಕು. ದಾರದ ಎಷ್ಟು ಉದ್ದ ಒಳಗೆ ಹೋಯಿತು ಎಂದು ಹೊರಗೆ ಅಳೆದು ನೋಡಿದರೆ ಕಸ ಕಂಬದ ಯಾವ ಎತ್ತರದಲ್ಲಿದೆ ಎಂದೂ ತಿಳಿಯುತ್ತದೆ. ನೀರನ್ನೂ ಎಳೆಯಬಲ್ಲ ವ್ಯಾಕ್ಯೂಮ್ ಕ್ಲೀನರ್ ಇದ್ದರೆ ಕೊಳವೆಯ ಬಾಯಿಗೆ ಹಿಡಿದು ಹೀರುವುದೂ ಒಳ್ಳೆಯ ದಾರಿ.

ಕೊಳವೆಯ ಕೆಳತುದಿಯಲ್ಲಿ ಅನೇಕ ಗಾಡಿಗಳಿಗೆ ಬಾತುಕೋಳಿಯ ಕೊಕ್ಕಿನಂಥ ಒಂದು ರಬ್ಬರ್ ಮೂತಿ ಇರುತ್ತದೆ. ನೀರಿನ ಭಾರಕ್ಕೆ ತೆರೆದುಕೊಳ್ಳುವ, ಉಳಿದ ಹೊತ್ತು ಮುಚ್ಚಿರುವ ಸೀಳು ಅದು. ಹೊರಗಿನ ಧೂಳು, ಸದ್ದು, ಹುಳ ಬಾರದಿರಲೆಂದು ಇಟ್ಟದ್ದು. ಕೆಸರು ರಸ್ತೆಯಲ್ಲಿ ಓಡುವ ಪಿಕಪ್ಪುಗಳಲ್ಲಿ ಈ ಸೀಳೇ ಮಣ್ಣು ಮೆತ್ತಿ ಮುಚ್ಚಿಹೋಗುತ್ತದೆ. ಮೇಲಿಂದ ಎಷ್ಟು ದಾರ ಬಿಟ್ಟರೂ ಪ್ರಯೋಜನವಿಲ್ಲ, ಕೆಳಗೆ ಮಲಗಿ ಎರಡು ಬೆರಳಿನಲ್ಲಿ ಮೂತಿಯನ್ನು ಹಿಸುಕಿದರೆ ಸಾಕು.

ಕೊಳವೆ ಕಂಡರೆ ಗೂಡು ಕಟ್ಟುವ ಜೀವಿಗಳೂ ಇವೆ. ಮಣ್ಣಿನ ಗೂಡಿನ ಕಡಜ ಒಂದು, ಜೇಡ ಇನ್ನೊಂದು. 2013ರಲ್ಲಿ ಟೊಯೋಟಾ ಕಂಪನಿ ಅಮೆರಿಕದಲ್ಲಿ ಸುಮಾರು 8 ಲಕ್ಷ ಕಾರುಗಳನ್ನು ವಾಪಸ್ ಕರೆಸಿದ್ದು ಜೇಡರಬಲೆಯ ಕಾರಣಕ್ಕೆ. ಎ.ಸಿ. ನೀರು ಹೊರಹೋಗುವ ಕೊಳವೆಗೆ ಬಲೆ ಕಟ್ಟಿ, ನೀರು ಏರ್‌ಬ್ಯಾಗ್ ನಿಯಂತ್ರಿಸುವ ಪೆಟ್ಟಿಗೆಯ ಮೇಲೆ ಹನಿಯುವ ಸಂಭವ ಕಂಡುಬಂದಿತ್ತು.

ಎ.ಸಿ. ಮಾತು ಬಂತು, ಇದನ್ನೂ ತಿಳಿದಿರಿ. ಮಳೆಯೇ ಬಾರದ ದಿನ ಕಾಲಡಿ ನೀರು ಬಂದರೆ ಸನ್‌ರೂಫ್ ಬಹುಮಟ್ಟಿಗೆ ನಿರಪರಾಧಿ. ತಿಳಿಯಾದ, ವಾಸನೆಯಿಲ್ಲದ ನೀರು ಎ.ಸಿ. ಓಡಿಸಿದಾಗಲಷ್ಟೇ ಬಂದರೆ ಎ.ಸಿ.ಯ ಕೊಳವೆ ಕಟ್ಟಿದೆ. ಅಂಟಂಟಾಗಿ, ಸಿಹಿ ವಾಸನೆ ಬರುತ್ತ, ವಿಂಡ್‌ಶೀಲ್ಡಿನ ಒಳಗೆ ಜಿಡ್ಡಿನ ಮಂಜು ಕಟ್ಟಿದರೆ ಅದು ಹೀಟರಿನ ಕೂಲಂಟ್. ಇದು ವಿಷ. ನಾಯಿ ಬೆಕ್ಕುಗಳು ನೆಕ್ಕದಂತೆ, ಮಕ್ಕಳ ಕೈಗೆ ತಾಗದಂತೆ ಕೂಡಲೇ ಒರೆಸಿ ತೆಗೆಯಬೇಕು.

ನಾಲ್ಕೂ ಕೊಳವೆ ಸರಿಯಿದ್ದು ಇನ್ನೂ ಸೋರಿದರೆ? ಗಾಜಿನ ಸುತ್ತ ಅಗಲದ ಟೇಪನ್ನು ಸಂದಿಲ್ಲದಂತೆ ಅಂಟಿಸಿ ಮತ್ತೆ ನೀರು ಬಿಡಿ. ಆಗಲೂ ಒಳಗೆ ನೀರು ಬಂದರೆ ಸನ್‌ರೂಫನ್ನು ಬಿಟ್ಟು ಬೇರೆ ಕಡೆ ಹುಡುಕಬೇಕು. ನೀರು ಬಿಡುವ ಕ್ರಮವೂ ಮುಖ್ಯ: ಕೆಳಗಿಂದ ಮೇಲಕ್ಕೆ ಹೋಗಬೇಕು. ಮೊದಲೇ ಸೂರಿಗೆ ಸುರಿದರೆ ಅದು ಎಲ್ಲ ಕಡೆಯೂ ಹರಿದು, ಯಾವ ಸಂದಿಯಿಂದ ಒಳಹೊಕ್ಕಿತೋ ತಿಳಿಯುವುದಿಲ್ಲ. ಒಂದೊಂದು ಜಾಗಕ್ಕೆ ಐದು ಹತ್ತು ನಿಮಿಷ ಮೆಲ್ಲಗೆ ನೀರು ಬಿಡಿ, ಒಬ್ಬರು ಒಳಗೆ ಟಾರ್ಚ್ ಹಿಡಿದು ಕೂತಿರಲಿ. ವಾಟರ್ ಸರ್ವಿಸಿನ ಒತ್ತಡದ ಗನ್ ಬೇಡವೇ ಬೇಡ, ಆ ರಭಸಕ್ಕೆ ಸೋರದ ಬೀಡಿಂಗೂ ಸೋರುತ್ತದೆ.

ಪಿಕಪ್ಪಿನಲ್ಲಿ ಸನ್‌ರೂಫಿನ ಹೆಸರಿಗೆ ಬರುವ ಅಪವಾದದ ನಿಜವಾದ ಅಪರಾಧಿ ಅನೇಕ ಸಲ ಒಂದು ಕೆಂಪು ದೀಪ. ಕ್ಯಾಬಿನ್ನಿನ ಹಿಂಬದಿ, ಗಾಜಿನ ಮೇಲೆ ನಡುಮಧ್ಯೆ ಇರುವ ಮೂರನೇ ಬ್ರೇಕ್ ಲೈಟ್. ಅಮೆರಿಕದಲ್ಲಿ ಕಾರುಗಳಿಗೆ ಇದು ಕಡ್ಡಾಯವಾದದ್ದು 1986ರ ಮಾದರಿಗಳಿಂದ, ಪಿಕಪ್ಪುಗಳಿಗೆ 1994ರ ಮಾದರಿಗಳಿಂದ. ಸೂರಿನ ತಗಡಿನಲ್ಲಿ ತೂತು ಕೊರೆದು ಈ ದೀಪ ಕೂರಿಸುತ್ತಾರೆ, ಸುತ್ತ ಇರುವುದು ಸ್ಪಂಜಿನಂಥ ತೆಳು ಗ್ಯಾಸ್ಕೆಟ್. ವರ್ಷಗಳ ಬಿಸಿಲಿಗೆ ಅದು ಹಪ್ಪಳದಂತೆ ಒತ್ತಿ ಚಪ್ಪಟೆಯಾಗುತ್ತದೆ. ನೀರು ಅಲ್ಲಿಂದ ಹೊಕ್ಕು ಲೈನಿಂಗ್ ಮೇಲೆ ಹರಿದು ಹಿಂದಿನ ಸೀಟಿನವರ ಹೆಗಲ ಮೇಲೆ ಬೀಳುತ್ತದೆ. ಹೆಚ್ಚಿನ ಗಾಡಿಗಳಲ್ಲಿ ಎರಡು ಸ್ಕ್ರೂ ಬಿಚ್ಚಿದರೆ ದೀಪ ಕೈಗೆ ಬರುತ್ತದೆ. ಗ್ಯಾಸ್ಕೆಟ್ಟಿನ ಒಂದು ಕಡೆ ಧೂಳು ನೀರಿನ ಗೆರೆಯಾಗಿ ಒಳಕ್ಕೆ ಎಳೆದಂತೆ ಕಂಡರೆ ಅಪರಾಧಿ ಸಿಕ್ಕಂತೆ. ಹೊಸ ಗ್ಯಾಸ್ಕೆಟ್ ಹಾಕಿ, ತಗಡನ್ನು ಒರೆಸಿ ಒಣಗಿಸಿ ಮತ್ತೆ ಕೂರಿಸಿದರೆ ಆಯಿತು.

ಹಿಂದಿನ ಜಾರುಕಿಟಕಿ, ಸೂರಿನ ಆಂಟೆನಾ, ಸಾಮಾನು ಕಟ್ಟುವ ರೂಫ್ ರೇಲಿನ ಬೋಲ್ಟು ಇವೂ ಶಂಕಿತರೇ.

ಇನ್ನೊಂದು ತೂತು ಬೇಕೆಂದೇ ಇಟ್ಟಿರುತ್ತಾರೆ. ಪಿಕಪ್ಪಿನ ಬಾಗಿಲು ಹಾಕುವಾಗ ಒಳಗಿನ ಗಾಳಿ ಹೊರಹೋಗಲು ಹಿಂದಿನ ಸೀಟಿನ ಬೆನ್ನಹಿಂದೆ ರಬ್ಬರ್ ರೆಕ್ಕೆಗಳ ಕಿಂಡಿ ಇರುತ್ತದೆ. ಅದರ ಚೌಕಟ್ಟಿನ ಸ್ಪಂಜು ಬಿಟ್ಟುಕೊಂಡರೆ ಕ್ಯಾಬಿನ್ನಿನ ಬೆನ್ನಿಗೆ ಇಳಿಯುವ ಮಳೆನೀರು ಒಳಗೆ ಬರುತ್ತದೆ. ಸೀಟಿನ ಕೆಳಗಿಟ್ಟ ಜಾಕಿ, ಪಾನಾ ತುಕ್ಕು ಹಿಡಿದಿದ್ದರೆ ಈ ಕಿಂಡಿ ನೋಡಿ.

ನೀರಿಲ್ಲದೆಯೂ ಸೋರಿಕೆ ಹಿಡಿಯಬಹುದು! ಬಾಗಿಲು ಕಿಟಕಿ ಎಲ್ಲ ಮುಚ್ಚಿ, ಹಿಂದಿನ ಆ ಗಾಳಿಕಿಂಡಿಗೆ ಟೇಪ್ ಹಾಕಿ, ಹೊರಗಿನ ಗಾಳಿ ಎಳೆಯುವಂತೆ ಫ್ಯಾನನ್ನು ಪೂರ್ತಿ ಜೋರಾಗಿ ಬಿಡಿ. ಹೊರಗಿನಿಂದ ಸಂದಿಗಳಿಗೆ ಸೋಪುನೀರು ಸವರಿ. ಪಂಕ್ಚರ್ ಅಂಗಡಿಯಲ್ಲಿ ಟ್ಯೂಬಿನ ಮೇಲೆ ಗುಳ್ಳೆ ಏಳುವುದನ್ನು ನೋಡಿದ್ದೀರಲ್ಲ, ಹಾಗೆಯೇ ಸಂದಿಯಿದ್ದಲ್ಲಿ ಗುಳ್ಳೆ.

ಗಾಜಿನ ಎತ್ತರದ ಕಥೆ ಒಂದು ಮಿಲಿಮೀಟರಿನದು. ಮುಂದಿನ ಅಂಚು ಸೂರಿಗೆ ಸಮ ಅಥವಾ ಕೂದಲೆಳೆ ತಗ್ಗು, ಹಿಂದಿನ ಅಂಚು ಸಮ ಅಥವಾ ಕೂದಲೆಳೆ ಎತ್ತರ ಇದ್ದರೆ ಗಾಳಿ ಶಿಳ್ಳೆ ಹಾಕುವುದಿಲ್ಲ, ನೀರೂ ಕಡಿಮೆ ಇಳಿಯುತ್ತದೆ. ಸರಿಯಾಗಿ ಕೂತಿದೆಯೇ ಎಂದು ನೋಡಲು ಒಂದು ನೋಟು ಸಾಕು: ಗಾಜು ಮುಚ್ಚುವಾಗ ಬೀಡಿಂಗ್ ನಡುವೆ ಸಿಕ್ಕಿಸಿ ಮೆಲ್ಲಗೆ ಎಳೆಯಿರಿ. ಸುತ್ತಲೂ ಒಂದೇ ಬಿಗಿ ಇರಬೇಕು. ಒಂದು ಕಡೆ ಸಲೀಸಾಗಿ ಜಾರಿ ಬಂದರೆ ಅಲ್ಲಿ ಗಾಜು ಸರಿಯಾಗಿ ಕೂತಿಲ್ಲ ಅಥವಾ ರಬ್ಬರ್ ಸತ್ತಿದೆ.

ಸಿಲಿಕೋನ್ ಬಳಿದು ಮುಚ್ಚುವವರಿಗೆ ಕೈಮುಗಿದು ಹೇಳುತ್ತೇನೆ, ಮಾಡಬೇಡಿ. ಗಾಜು ತೆರೆಯುವಂತಿಲ್ಲ, ಸಿಲಿಕೋನ್ ಕಾಲುವೆಗೆ ಇಳಿದರೆ ಇದ್ದ ದಾರಿಯೂ ಬಂದ್. ಬಚ್ಚಲುಮನೆಗೆ ಬಳಸುವ, ವಿನೆಗರ್ ವಾಸನೆಯ ಸಿಲಿಕೋನ್ ಒಣಗುವಾಗ ಅಸಿಟಿಕ್ ಆಮ್ಲ ಬಿಡುತ್ತದೆ, ಅದು ತಗಡನ್ನು ತಿನ್ನುತ್ತದೆ.

ಬೀಡಿಂಗಿಗೆ ವ್ಯಾಸಲೀನ್ ಹಚ್ಚುವುದೂ ತಪ್ಪು. ಹೆಚ್ಚಿನ ಬೀಡಿಂಗುಗಳು ಇ.ಪಿ.ಡಿ.ಎಂ. ಎಂಬ ರಬ್ಬರಿನವು. ಬಿಸಿಲು, ಓಜೋನ್ ಎಲ್ಲ ತಡೆಯುವ ಈ ರಬ್ಬರ್ ಪೆಟ್ರೋಲಿಯಂ ಜಿಡ್ಡಿಗೆ ಮಾತ್ರ ಊದಿಕೊಂಡು ಮೆತ್ತಗಾಗುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿದ ಮೇಲೆ ರಬ್ಬರಿಗೆಂದೇ ಬರುವ ಸಿಲಿಕೋನ್ ಗ್ರೀಸನ್ನು ತೆಳ್ಳಗೆ ಸವರಬೇಕು.

2015ರ ಮಾದರಿಯಿಂದ ಫೋರ್ಡ್ ಎಫ್-150 ಪಿಕಪ್ಪಿನ ಬಾಡಿ ಅಲ್ಯೂಮಿನಿಯಂನದು. ಇದಕ್ಕೆ ಕೆಂಪು ತುಕ್ಕು ಹಿಡಿಯುವುದಿಲ್ಲ ನಿಜ. ಆದರೆ ಸೋರಿದ ನೀರು ಕೂರುವುದು ವೈರಿನ ಕನೆಕ್ಟರುಗಳಲ್ಲಿ, ಉಕ್ಕಿನ ಬೋಲ್ಟುಗಳ ಬುಡದಲ್ಲಿ. ಅಲ್ಲಿ ಯಾವ ಗಾಡಿಗೂ ವಿನಾಯಿತಿ ಇಲ್ಲ.

ಬಿಡದಿಯ ಕಾರ್ಖಾನೆಯಿಂದ ಹೊರಬರುವ ಟೊಯೋಟಾ ಹೈಲಕ್ಸ್ 2022ರಲ್ಲಿ ಭಾರತದ ಮಾರುಕಟ್ಟೆಗೆ ಬಂದಾಗ ಅದಕ್ಕೆ ಸನ್‌ರೂಫ್ ಇರಲಿಲ್ಲ. ಸನ್‌ರೂಫ್ ಇರುವ ಪಿಕಪ್ ಬಹುಮಟ್ಟಿಗೆ ಅಮೆರಿಕದ ರಸ್ತೆಗಳದ್ದು. ಆದರೆ ಈಗ ನಮ್ಮೂರಿನ ಸಣ್ಣ ಕಾರುಗಳಿಗೂ ಗಾಜಿನ ಸೂರು ಬಂದಿರುವುದರಿಂದ, ಕಾಲುವೆ ಮತ್ತು ಕೊಳವೆಯ ವಿದ್ಯೆ ಇಲ್ಲಿಯೂ ಬೇಕು. ದೊಡ್ಡ ಪನೋರಮಿಕ್ ಸೂರುಗಳಲ್ಲಿ ಕೊಳವೆ ನಾಲ್ಕಕ್ಕಿಂತ ಹೆಚ್ಚೂ ಇರಬಹುದು, ಹಿಂದಿನ ಗಾಜು ತೆರೆಯದ್ದಾದರೆ ಹಿಂದಿನ ಬಾಯಿಗಳು ಮೇಲಿಂದ ಕಾಣುವುದೇ ಇಲ್ಲ.

ಕಂಬದ ಪ್ಲಾಸ್ಟಿಕ್ ಹೊದಿಕೆ ಕೀಳುವ ಮುನ್ನ ನಿಲ್ಲಿ. ಕೊಳವೆ ಇಳಿಯುವ ದಾರಿಯ ಪಕ್ಕದಲ್ಲೇ, ಸೂರಿನ ಅಂಚಿನುದ್ದಕ್ಕೂ, ಕರ್ಟನ್ ಏರ್‌ಬ್ಯಾಗ್ ಮಡಚಿಟ್ಟಿರುತ್ತದೆ. ಬ್ಯಾಟರಿ ಕಳಚಿ, ಆ ಗಾಡಿಯ ಸರ್ವಿಸ್ ಪುಸ್ತಕ ಹೇಳಿದಷ್ಟು ಹೊತ್ತು ಕಾದ ಮೇಲೆಯೇ ಕೈ ಹಾಕಬೇಕು. ಅನುಭವವಿಲ್ಲದಿದ್ದರೆ ಇದೊಂದನ್ನು ಬಲ್ಲವರಿಗೇ ಬಿಡಿ. ಹೊದಿಕೆಯ ಕೆಲವು ಕ್ಲಿಪ್ಪುಗಳು ಒಂದೇ ಸಲ ಬಳಸುವಂಥವು, ಹಳೆಯದನ್ನೇ ಮತ್ತೆ ಹಾಕಿದರೆ ಏರ್‌ಬ್ಯಾಗ್ ತೆರೆದಾಗ ಹೊದಿಕೆ ಮುಖಕ್ಕೆ ಹಾರೀತು.

ಹಳೆಯ ಪಿಕಪ್ ಕೊಳ್ಳುವವರಿಗೆ ಒಂದು ಗುರುತು. ಹಾರ್ವಿಯ ನೆರೆಯಲ್ಲಿ ಲಕ್ಷಾಂತರ ವಾಹನಗಳು ಮುಳುಗಿದವು. ನೆರೆಯ ಕಲೆ ಅಡ್ಡಗೆರೆ: ಎಲ್ಲ ಬಾಗಿಲುಗಳಲ್ಲೂ ಒಂದೇ ಮಟ್ಟಕ್ಕೆ, ಮೆಕ್ಕಲು ಮಣ್ಣಿನ ಜೊತೆ. ಸೂರಿನ ಸೋರಿಕೆಯ ಕಲೆ ಉದ್ದಗೆರೆ, ಮೇಲಿಂದ ಕೆಳಗೆ, ಒಂದೇ ಪಕ್ಕದಲ್ಲಿ.

ಒದ್ದೆಯಾದ ವಸ್ತು 24ರಿಂದ 48 ಗಂಟೆಯೊಳಗೆ ಒಣಗಿದರೆ ಸಾಮಾನ್ಯವಾಗಿ ಬೂಷ್ಟು ಹಿಡಿಯುವುದಿಲ್ಲ ಎನ್ನುತ್ತದೆ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ. ಕಾರ್ಪೆಟ್ ಮುಟ್ಟಿ ನೋಡಿ ಒಣಗಿತು ಎಂದುಕೊಳ್ಳಬಾರದು, ನೀರು ಕುಡಿದು ಕೂತಿರುವುದು ಅದರ ಕೆಳಗಿನ ದಪ್ಪ ಪ್ಯಾಡು. ನಾವು ಹೊಸ್ತಿಲ ಪಟ್ಟಿ ಬಿಚ್ಚಿ ಕಾರ್ಪೆಟ್ ಎತ್ತಿದಾಗ ಪ್ಯಾಡಿನ ಅಂಚನ್ನು ಹಿಂಡಿ ತೆಗೆದ ನೀರೇ ಅರ್ಧ ಬಕೆಟ್. ಕೆಳಗೆ ಎರಡು ಕಟ್ಟಿಗೆ ತುಂಡು ಸಿಕ್ಕಿಸಿ, ಎರಡು ದಿನ ಟೇಬಲ್ ಫ್ಯಾನ್ ಇಟ್ಟೆವು.

ಎಡ ಮುಂದಿನ ಕೊಳವೆಗೆ ದಾರ ಒಂದು ಮೊಳದಷ್ಟು ಸಲೀಸಾಗಿ ಹೋಗಿ ನಿಂತಿತ್ತು. ತಿರುಪಿ ಎಳೆದು, ತಿರುಪಿ ಎಳೆದು ಅರ್ಧ ಗಂಟೆ ಕಳೆಯಿತು. ಕೆಳಗೆ ಚಕ್ರದ ಹಿಂದೆ ಮಲಗಿ ಮೂತಿ ಹಿಸುಕುತ್ತಿದ್ದ ನನ್ನ ಬೆರಳಿಗೆ ಏನೋ ಮೆತ್ತಗೆ ತಾಗಿತು. ಕಂದು ಬಣ್ಣದ, ಕಿರುಬೆರಳುದ್ದದ ಬಿರಡೆ, ಅದರೊಳಗೆ ಹೆಣೆದುಕೊಂಡ ಓಕ್ ಹೂವಿನ ಎಳೆಗಳು. ಅದರ ಹಿಂದೆಯೇ ಕಪ್ಪು ನೀರು ತೋಳಿನುದ್ದಕ್ಕೂ ಇಳಿಯಿತು, ಆಮೇಲೆ ಕಂದು, ಆಮೇಲೆ ತಿಳಿ. "ಬಂತಾ?" ಎಂದು ಮೇಲಿಂದ ಭಾವ ಕೇಳಿದರು. ಬಂತು ಎಂದೆ. ಅಕ್ಕ ಅಡುಗೆಮನೆಯಿಂದ ಇನ್ನೊಂದು ಲೋಟ ನೀರು ತಂದು, ತಾನೇ ಹೊಸ್ತಿಲ ಮೇಲೆ ಹತ್ತಿ, ಆ ಮೂಲೆಗೆ ಸುರಿದಳು. ನಾಲ್ಕು ಎಣಿಸುವುದರೊಳಗೆ ನೆಲ ಒದ್ದೆಯಾಯಿತು.